ಅವಸರವೇನಿಲ್ಲ, ಕೊಮಾದ್ರೆ

ಆಸ್ಪತ್ರೆಯ ಬಾಗಿಲು ದಾಟುವ ಮೊದಲೇ ಒತಿಲಿಯಾಳಿಗೆ ತನ್ನ ಧ್ವನಿ ಕೇಳಿಸಿತು. ಹೊರಗಿನ ಕಲ್ಲುಬೆಂಚಿನ ಮೇಲೆ, ರುವಾನಾ ಹೊದ್ದು, ಆ ಉಣ್ಣೆಯೊಳಗೆ ಮುದುಡಿ ಕೂತಿದ್ದ ಮುದುಕನೊಬ್ಬ ಫೋನನ್ನು ಬಾಯಿಯ ಮುಂದೆ ಹಿಡಿದಿದ್ದ. "ಬೆಳಗು ಹೇಗಾಯ್ತು ನಿಮಗೆ? ಹೊಟ್ಟೆಗೇನಾದ್ರೂ ಹಾಕ್ಕೊಂಡ್ರಾ?" ಎಂದು ಫೋನು ಕೇಳುತ್ತಿತ್ತು. "ಹಾಕ್ಕೊಂಡೆ ತಾಯಿ, ಬಿಸಿ ಬೆಲ್ಲದ ನೀರು ಕುಡ್ದು ಬಂದೆ. ದೇವರು ನಿಮಗೆ ಒಳ್ಳೇದು ಮಾಡ್ಲಿ," ಎಂದು ಮುದುಕ ಹೇಳುತ್ತಿದ್ದ. ಒತಿಲಿಯಾ ತಲೆ ತಗ್ಗಿಸಿ ಅವನೆದುರೇ ಹಾದುಹೋದಳು. ಅವನು ಕತ್ತೆತ್ತಿ ನೋಡಲಿಲ್ಲ. ಯಾಕೆ ನೋಡಬೇಕು, ಅವನ ಪಾಲಿನ ಒತಿಲಿಯಾ ಅವನ ಕೈಯಲ್ಲೇ ಇದ್ದಳಲ್ಲ. ದಿನಾ ಆಗುವುದೇ ಇದು. ತಾನು ಯಾವತ್ತಾದರೂ ಇಷ್ಟು ಸಿಹಿಯಾಗಿ ಮಾತಾಡಿದ್ದುಂಟೇ ಎಂದು ಕೇಳಿಕೊಂಡರೆ ಇಲ್ಲವೆಂದೇ ಹೇಳಬೇಕಿತ್ತು. ಕಿಟಕಿಯ ಹಿಂದೆ ಕೂತು ಚೀಟಿ ಕೊಡುತ್ತಿದ್ದ ಕಾಲದಲ್ಲಿ ಸೋಮವಾರ ಬಂತೆಂದರೆ ಅವಳು ಜನರ ಮೇಲೆ ಹರಿಹಾಯುತ್ತಿದ್ದಳು. ಸಾಲು ಬಿಟ್ಟು ಬಂದವರಿಗೆ "ಏನು, ನಿಮ್ಮಪ್ಪನ ಮನೆಯಾ ಇದು?" ಎಂದೂ ಅಂದಿದ್ದುಂಟು. ಬೈಸಿಕೊಂಡವರು ಮರುದಿನ ಮತ್ತೆ ಬಂದು ಅದೇ ಕಿಟಕಿಯ ಮುಂದೆ ನಿಲ್ಲುತ್ತಿದ್ದರು.

ಆ ಸಿಹಿಯನ್ನು ರಾಜಧಾನಿಯಲ್ಲಿ ಅವಳಿಂದ ಹಿಂಡಿ ತೆಗೆದಿದ್ದರು. ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆಯೊಂದರಲ್ಲಿ ಕೂರಿಸಿ, ದಿನಗಳು, ತಿಂಗಳುಗಳು, ಸಂಖ್ಯೆಗಳು, 'ಕ್ಷಮಿಸಿ, ನನಗೆ ಕೇಳಿಸಲಿಲ್ಲ' ಎಂಬಂಥ ಸಾಲುಗಳು, ಎಲ್ಲವನ್ನೂ ಓದಿಸಿದರು. "ಸ್ವಲ್ಪ ನಗ್ತಾ ಓದಿ ದೋನ್ಯಾ ಒತಿಲಿಯಾ, ನಗು ಧ್ವನೀಲಿ ಕೇಳಿಸತ್ತೆ," ಎಂದು ಗಾಜಿನಾಚೆಯಿಂದ ಹುಡುಗಿಯೊಬ್ಬಳು, ಮಾತಿಗೊಮ್ಮೆ ಮರ್ಯಾದೆಯ 'ದೋನ್ಯಾ' ಸೇರಿಸಿ, ಹೇಳುತ್ತಲೇ ಇದ್ದಳು. ನಕ್ಕೂ ನಕ್ಕೂ ಸಂಜೆಗೆ ಕೆನ್ನೆ ನೋಯುತ್ತಿತ್ತು. ಅಷ್ಟು ಜನ ನೌಕರರಲ್ಲಿ ತನ್ನ ಧ್ವನಿಯನ್ನೇ ಆರಿಸಿದರಲ್ಲ ಎಂದು ಅವಳಿಗೆ ಹೆಮ್ಮೆಯಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನವಳಿಗೆ, ಕೇಳದಿದ್ದರೂ, ಎಲ್ಲ ಹೇಳಿದ್ದಳು. ಆಮೇಲೆ ಯಂತ್ರ ಬಂತು. ಆಲ್ಬಾ ಎಂದು ಹೆಸರಿಟ್ಟರು. ಡಾಕ್ಟರರ ಸಮಯ, ಎಕ್ಸ್‌ರೇ ಯಂತ್ರ, ಮಂಚ, ಆಪರೇಷನ್ ಕೋಣೆ, ಆಂಬುಲೆನ್ಸ್, ಯಾವುದು ಯಾರಿಗೆ ಯಾವಾಗ ಎಂಬುದನ್ನೆಲ್ಲ ಈ ಕೃತಕ ಬುದ್ಧಿಯ ಸಹಾಯಕಿಯೇ ಫೋನಿನಲ್ಲಿ ಜನರನ್ನು ಕೇಳಿ ಗೊತ್ತುಮಾಡತೊಡಗಿದಳು. ಒಂದು ಬೆಳಿಗ್ಗೆ ಒತಿಲಿಯಾ ಬಂದು ನೋಡಿದರೆ ಕಿಟಕಿಗೆ ಹಲಗೆ ಹೊಡೆದಿದ್ದರು. ಮುಖಗಳನ್ನು ಇನ್ನು ನೋಡಬೇಕಾಗಿಲ್ಲವಲ್ಲ ಎಂದು ಅವತ್ತು ಅವಳಿಗೆ ಹಾಯೆನಿಸಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಮದ್ರೀನಾ," ಎಂದು ಯಾರೋ ಕರೆದರು. ಆಸ್ಪತ್ರೆಯ ಕಾರಿಡಾರಿನ ಕೊನೆಯಲ್ಲಿ ಕಂಬಳಿಯೊಂದನ್ನು ಅಪ್ಪಿಕೊಂಡು ನಿದಿಯಾ ನಿಂತಿದ್ದಳು. ಎದೆಲ್ಮೀರಾಳ ಮಗಳು. ಚರ್ಚಿನಲ್ಲಿ ಈ ಹುಡುಗಿಯ ತಲೆಗೆ ನೀರು ಹಾಕಿ ಹೆಸರಿಡುವಾಗ ಎತ್ತಿಕೊಂಡು ನಿಂತಿದ್ದವಳು ಒತಿಲಿಯಾ. ಅಂದಿನಿಂದ ಹುಡುಗಿಗೆ ಅವಳು ಮದ್ರೀನಾ, ಹೆತ್ತವಳಿಗೆ ಕೊಮಾದ್ರೆ. ಅಕ್ಕತಂಗಿಯರು ಜಗಳವಾಡಿಕೊಳ್ಳಬಹುದು, ಕೊಮಾದ್ರೆಯರು ಆಡುವ ಹಾಗಿಲ್ಲ. ಒಬ್ಬರಿಗೊಬ್ಬರು 'ನೀವು' ಎಂದೇ ಅನ್ನಬೇಕು, ಒಬ್ಬರ ಮನೆಯಲ್ಲಿ ಹಂದಿ ಕೊಂದರೆ ಇನ್ನೊಬ್ಬರ ಮನೆಗೆ ಪಾಲು ಹೋಗಬೇಕು, ಒಬ್ಬರು ಒಂದು ಸಲ ಕೇಳಿದರೆ ಇನ್ನೊಬ್ಬರು ಎರಡನೇ ಸಲ ಕೇಳುವಂತೆ ಮಾಡಬಾರದು.

"ಅಮ್ಮನ್ನ ನಿನ್ನೆ ತಂದ್ವಿ ಮದ್ರೀನಾ. ಜ್ವರ ಏರಿ ಏನೇನೋ ಬಡಬಡಿಸ್ತಿದ್ಲು. ಕಾಲು ಕಪ್ಪಾಗ್ಬಿಟ್ಟಿದೆ. ನಾಳೆ ಬೆಳಗ್ಗೆ ಮೊಣಕಾಲಿಂದ ಕೆಳಗೆ ತೆಗೀತಾರಂತೆ."

"ಕಾಲಾ? ಯಾವಾಗಿಂದ? ನಂಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

ನಿದಿಯಾ ಅವಳ ಮುಖವನ್ನೇ ನೋಡಿದಳು. "ಹೇಳಿದ್ಲಲ್ಲ. ನಿಮಗೇ ಫೋನ್ ಮಾಡಿದ್ಲಲ್ಲ. ಒಲೆ ಮುಂದೆ ನಿಂತು ಮಾರಕ್ಕೆ ಅರೆಪಾ ರೊಟ್ಟಿ ಸುಡ್ತಿರ್ಬೇಕಾದ್ರೆ ಕೆಂಡ ಬಿದ್ದು ಚಪ್ಪಲಿ ಒಳಗೆ ಹೋಗಿದೆ. ಸಕ್ಕರೆ ಕಾಯಿಲೆ ಬಂದಾಗಿಂದ ಅವಳಿಗೆ ಆ ಪಾದ ಇರೋದೇ ಗೊತ್ತಾಗಲ್ಲ. ಸಂಜೆ ಕಾಲುಚೀಲ ಬಿಚ್ಚಿದಾಗ್ಲೇ ಕಂಡಿದ್ದು. ಫೋನ್ ಮಾಡಿದ್ರೆ ಎರಡು ತಿಂಗಳಾದ್ಮೇಲಿನ ದಿನ ಸಿಕ್ತು."

"ಅದು ನಾನಲ್ಲ ಮಗಳೇ. ಅದು ಮಿಷನ್ನು."

"ನಂಗೊತ್ತು ಮದ್ರೀನಾ. ಅವಳಿಗೆ ಹೇಳೋರ್ಯಾರು? ಎಷ್ಟು ಸಲ ಹೇಳಿದೀನಿ. 'ಸುಮ್ನಿರೇ, ನನ್ನ ಕೊಮಾದ್ರೆ ಧ್ವನಿ ನಂಗೆ ಗೊತ್ತಾಗಲ್ವಾ' ಅಂತ ನನಗೇ ಬೈದ್ಲು. ಹೋಗ್ಲಿ, ಎದುರಿಗೇ ಹೋಗಿ ಕೇಳೋಣ ಬಾ ಅಂದ್ರೆ, 'ಕೊಮಾದ್ರೆ ಒಂದ್ಸಲ ದಿನ ಕೊಟ್ಮೇಲೆ ಮತ್ತೆ ಹೋಗಿ ಕಾಲು ಹಿಡಿಯೋದಾ, ಮಾನ ಬೇಡ್ವಾ' ಅಂದ್ಲು." ನಿದಿಯಾ ಕಂಬಳಿಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಇದ್ದಳು. "ಅವಸರ ಇದೆಯಾ ಅಂತ ಕೇಳಿದ್ರಂತೆ. ಮೂರು ಸಲ ಇಲ್ಲ ಅಂದ್ಲಂತೆ."

ಮೂರು ಸಲ. ಈ ಗುಡ್ಡಗಾಡಿನ ಜನ ಅವಸರ ಎಂಬ ಮಾತನ್ನು ಬಾಯಿಬಿಟ್ಟು ಆಡುವವರಲ್ಲ. ಕೇಳುವುದೇ ನಾಚಿಕೆ, ಅದರಲ್ಲೂ ತನಗೆ ಮೊದಲು ಬೇಕೆಂದು ಕೇಳುವುದು ನಾಚಿಕೆಗೇಡು. ಹೆರಿಗೆ ನೋವು ಬಂದವಳೂ ಬಾಗಿಲ ಕಂಬಕ್ಕೆ ಒರಗಿ, 'ತೊಂದ್ರೆ ಕೊಡ್ತಿದೀನಿ, ನಿಮಗೆ ಪುರಸೊತ್ತಾದಾಗ' ಎಂದೇ ಅನ್ನುತ್ತಾಳೆ. ಕಿಟಕಿಯಲ್ಲಿ ಕೂತಷ್ಟು ಕಾಲವೂ ಒತಿಲಿಯಾ "ಅವಸರ ಇದೆಯಾ?" ಎಂದು ಕೇಳುತ್ತಿದ್ದಳು, ಜನ "ಇಲ್ಲ ಇಲ್ಲ, ಅವಸರ ಏನಿಲ್ಲ" ಎನ್ನುತ್ತಿದ್ದರು. ಒಂದು ಸಲ 'ಇಲ್ಲ' ಎಂದವರಿಗೆ ನಿಜಕ್ಕೂ ಇರುತ್ತಿರಲಿಲ್ಲ. ಎರಡು ಸಲ ಎಂದವರ ಮುಖ ನೋಡಬೇಕಾಗುತ್ತಿತ್ತು. ಮತ್ತೆ ಮತ್ತೆ 'ಇಲ್ಲ ಇಲ್ಲ' ಎಂದು ಹಿಂದೆ ಸರಿಯುತ್ತ ಹೋಗುವವರನ್ನು ಕೂಗಿ ನಿಲ್ಲಿಸಿ, ಬೈದು, ಒಳಗೆ ಕಳಿಸಬೇಕಾಗುತ್ತಿತ್ತು. ಇದೇನು ದೊಡ್ಡ ವಿದ್ಯೆಯಲ್ಲ. ಊರಿನಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಹಾಗಂತ ಅವಳೇನು ದೇವತೆಯೂ ಅಲ್ಲ. ಮೊಟ್ಟೆ ತಂದುಕೊಟ್ಟವರ ಮುಖ ಅವಳಿಗೆ ಸ್ವಲ್ಪ ಹೆಚ್ಚೇ ಬಾಡಿದಂತೆ ಕಾಣುತ್ತಿತ್ತು. ತಲೆನೋವಿದ್ದ ದಿನ ಯಾರ ಮುಖವನ್ನೂ ನೋಡದೆ ಚೀಟಿ ಹರಿದು ಕೊಟ್ಟಿದ್ದೂ ಇತ್ತು. ಆದರೆ ಎದೆಲ್ಮೀರಾ ಬಂದಿದ್ದರೆ? ಬಂದಿದ್ದರೆ ನೋಡುತ್ತಿದ್ದೆ, ಖಂಡಿತ ನೋಡುತ್ತಿದ್ದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ನಿದಿಯಾ ಕಂಬಳಿ ಹೊತ್ತು ವಾರ್ಡಿನ ಕಡೆ ಹೋಗಿ ಆಗಿತ್ತು. ತಾನು ಅವಳಿಗೆ ಕಾಫಿಯನ್ನೂ ಕೊಡಿಸಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಹಿಂದಿನ ಕೋಣೆಯಲ್ಲಿ ಅವಳ ಈಗಿನ ಕೆಲಸ. ಒಂದು ಪರದೆ, ಅದರ ತುಂಬ ಚೌಕಗಳು. ಖಾಲಿ ಇದ್ದರೆ ಹಸಿರು, ಯಾರಿಗಾದರೂ ಗೊತ್ತುಮಾಡಿದರೆ ಕೆಂಪು. ಆಲ್ಬಾ ಹೊರಗೆ ಎಲ್ಲೋ ಯಾರ ಜೊತೆಗೋ ಮಾತಾಡಿದಂತೆಲ್ಲ ಇಲ್ಲಿ ಚೌಕಗಳು ಕೆಂಪಾಗುತ್ತಿದ್ದವು. ಸುಮ್ಮನೆ ನೋಡುತ್ತ ಕೂರಬೇಕು, ಎರಡು ಒಂದರ ಮೇಲೊಂದು ಬಿದ್ದರೆ ಮಾತ್ರ ಬಿಡಿಸಬೇಕು. ಬೀಳುತ್ತಲೇ ಇರಲಿಲ್ಲ. ನಾಳೆ ಬೆಳಿಗ್ಗೆಯ ಆಪರೇಷನ್ ಕೋಣೆಯ ಚೌಕ ಹಳದಿಯಾಗಿತ್ತು. ರೋಗಿಯ ಒಪ್ಪಿಗೆ ಇನ್ನೂ ಬರಬೇಕೆಂದು ಅರ್ಥ. ಆ ಹಳದಿಯನ್ನು ನೋಡುತ್ತ ಕೂತವಳಿಗೆ ಇನ್ನೊಂದು ಕೋಣೆ ನೆನಪಾಯಿತು, ಉದ್ದನೆಯ ಮೇಜು, ಆಲ್ಬಾಳನ್ನು ಮಾಡಲು ರಾಜಧಾನಿಯ ಕಂಪನಿಯಿಂದ ಬಂದ ನಾಲ್ಕಾರು ಜನ, ಅವರ ತೆಳ್ಳನೆಯ ಲ್ಯಾಪ್‌ಟಾಪುಗಳು. ಅವತ್ತು ಅವಳು ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದಳು. "ಯಾರನ್ನ ಮೊದಲು ಕಳಿಸ್ಬೇಕು ಅಂತ ನೀವು ಹೇಗೆ ತೀರ್ಮಾನ ಮಾಡ್ತೀರಿ?" ಎಂದು ಒಬ್ಬಳು ಕೇಳಿದ್ದಳು, ಒತಿಲಿಯಾಳ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತ. ಹೇಳಲು ಒತಿಲಿಯಾ ಬಾಯಿ ತೆರೆದಿದ್ದಳು. ಮುಖ ನೋಡ್ತೀನಿ, ಎಷ್ಟು ಸಲ ಇಲ್ಲ ಅಂತಾರೆ ಅಂತ ನೋಡ್ತೀನಿ. ಆ ಮಾತು ಆ ಮೇಜಿನ ಮೇಲೆ ಎಷ್ಟು ಹಳ್ಳಿಗಾಡಿನದಾಗಿ ಕೇಳಿಸೀತು, ಸಂತೆಯಲ್ಲಿ ಸೊಪ್ಪಿನ ಮದ್ದು ಮಾರುವ ಮುದುಕಿಯ ಹಾಗೆ. "ಅವಸರ ಇದೆಯಾ ಅಂತ ಕೇಳ್ತೀನಿ," ಎಂದಿದ್ದಳು. "ಅವರು ಹೇಳ್ತಾರೆ." ಆ ಹುಡುಗಿ ಸಂತೋಷದಿಂದ ತಲೆಯಾಡಿಸಿ ಬರೆದುಕೊಂಡಳು.

ಮಧ್ಯಾಹ್ನ ಅವಳು ಡಾಕ್ಟರ್ ಅಲ್ದೆಮಾರ್‌ನ ಬಾಗಿಲು ತಟ್ಟಿದಳು. ರೋಗ ನೋಡುವ ಡಾಕ್ಟರಲ್ಲ ಅವನು, ಆಸ್ಪತ್ರೆಯ ಆಡಳಿತ ನೋಡುವವನು. ಆದರೆ ಟೈ ಕಟ್ಟಿದವರೆಲ್ಲ ಈ ದೇಶದಲ್ಲಿ ಡಾಕ್ಟರರೇ. ಅವನು ಒಳ್ಳೆಯ ಹುಡುಗ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

"ಡಾಕ್ಟ್ರೇ, ಅದು... ಆಲ್ಬಾ ಕೇಳೋ ರೀತಿ ಸರಿಯಿಲ್ಲ ಅಂತ. ಅವಸರ ಇದೆಯಾ ಅಂತ ಕೇಳಿದ್ರೆ ನಮ್ಮ ಜನ ಇದೆ ಅನ್ನಲ್ಲ."

"ಯಾಕನ್ನಲ್ಲ?"

"ಅನ್ನಲ್ಲ ಅಷ್ಟೇ. ಇಲ್ಲ ಅಂದ್ರೇನೇ ಇದೆ ಅಂತ."

ಅವನು ನಕ್ಕ. ಗೇಲಿಯ ನಗೆಯಲ್ಲ, ಪಾಪ, ಅರ್ಥವಾಗದ ನಗೆ. "ದೋನ್ಯಾ ಒತಿಲಿಯಾ, ಇಲ್ಲ ಅಂದ್ರೆ ಇದೆ ಅಂತ ನಾನು ಯಾವ ಬಾಯಲ್ಲಿ ಕಂಪನಿಯವರಿಗೆ ಹೇಳ್ಲಿ? ಮತ್ತೆ ಆ ಪ್ರಶ್ನೆ ನೀವೇ ಹೇಳಿಕೊಟ್ಟಿದ್ದಲ್ವಾ? ನಂಗೆ ಚೆನ್ನಾಗಿ ನೆನಪಿದೆ, ಕೇಳ್ತೀನಿ, ಹೇಳ್ತಾರೆ ಅಂದ್ರಿ. ಅದನ್ನ ನಾವು ಎಲ್ಲ ಕಡೆ ಹೇಳ್ಕೊಂಡು ತಿರುಗಿದೀವಿ, ಎಷ್ಟು ಸರಳ, ಎಷ್ಟು ಚೊಕ್ಕ ಅಂತ." ಆಮೇಲೆ ಸ್ವಲ್ಪ ಹೊತ್ತು ಅವಳ ಮುಖ ನೋಡಿ, "ಏನಾದ್ರೂ ಆಯ್ತಾ?" ಎಂದ.

"ಇಲ್ಲ ಇಲ್ಲ," ಎಂದಳು ಒತಿಲಿಯಾ. "ಏನಿಲ್ಲ ಡಾಕ್ಟ್ರೇ. ನಿಮ್ಮ ಕೆಲಸ ನೋಡ್ಕೊಳ್ಳಿ. ಏನೂ ಇಲ್ಲ."

ಅವನು ಅದನ್ನು ನಂಬಿ ಮತ್ತೆ ಕಾಗದಗಳ ಕಡೆ ತಿರುಗಿದ.

ಭೇಟಿಯ ಹೊತ್ತು ನಾಲ್ಕಕ್ಕೆ. ಮೂರೂವರೆಗೇ ಅವಳು ಹೊರಗೆ ಹೋಗಿ, ಏನು ಕೊಂಡುಕೊಳ್ಳಬೇಕೆಂದು ತಿಳಿಯದೆ, ಊರ ಚೌಕದ ಸುತ್ತ ಒಂದು ಸುತ್ತು ಬಂದಳು. ಚಳಿಗಾಳಿ ಕಲ್ಲುಹಾಸಿನ ಮೇಲಿನ ಧೂಳನ್ನು ಎಬ್ಬಿಸುತ್ತಿತ್ತು. ಚರ್ಚಿನ ಮೂಲೆಯಲ್ಲಿ ಎದೆಲ್ಮೀರಾಳ ಒಲೆ ಇತ್ತು, ತಗಡು ಮುಚ್ಚಿದ್ದರು, ಕಲ್ಲಿದ್ದಲಿನ ಬೂದಿ ಇನ್ನೂ ತೆಗೆದಿರಲಿಲ್ಲ. ಈ ಮೂಲೆಗೆ ಅವಳು ಎಷ್ಟೋ ದಿನದಿಂದ ಬಂದಿರಲಿಲ್ಲ. ಆಲ್ಬಾ ಮಾತಾಡಲು ಶುರುಮಾಡಿದ ಮೇಲೆ ಸಂತೆಯಲ್ಲಿ ಕಂಡವರೆಲ್ಲ ಅವಳನ್ನು ತಡೆಯುತ್ತಿದ್ದರು. "ಏನು ಒತಿಲಿಯಾ, ಎಷ್ಟು ನಯವಾಗಿ ಮೂರು ತಿಂಗಳು ಮುಂದಕ್ಕೆ ಹಾಕಿದ್ರಿ!" ಎಂದು ಆಲೂಗಡ್ಡೆಯವನು ಎಲ್ಲರೆದುರು ಕೂಗಿದ್ದ. ಅವತ್ತಿನಿಂದ ಅವಳು ಹಿಂದಿನ ಬೀದಿಯಲ್ಲಿ, ಉಣ್ಣೆ ಅಂಗಡಿಯ ಪಕ್ಕದಿಂದ ಸುತ್ತಿ ಹೋಗುತ್ತಿದ್ದಳು. ಒಂದೇ ಒಂದು ಸಂಜೆ, ಮಳೆ ಬಂತೆಂದು, ಈ ದಾರಿ ಹಿಡಿದಿದ್ದಳು. "ಕೊಮಾದ್ರೆ! ಕೊಮಾದ್ರೆ!" ಎಂದು ಎದೆಲ್ಮೀರಾ ಕೂಗಿದ್ದಳು. ಒಲೆಯ ಹಿಂದಿನಿಂದ ಹೊರಗೆ ಬಂದಿದ್ದಳು, ಕೈಯಲ್ಲಿ ಕಾಗದ ಸುತ್ತಿದ ಬಿಸಿ ಅರೆಪಾ. ಒತಿಲಿಯಾ ಏನು ಮಾಡಿದಳು? ಫೋನನ್ನು ಕಿವಿಗಿಟ್ಟುಕೊಂಡಳು. ಆಚೆ ಯಾರೂ ಇರಲಿಲ್ಲ. "ಹೌದು, ಹೌದು," ಎಂದು ಖಾಲಿ ಫೋನಿಗೆ ಹೇಳುತ್ತ, ಇನ್ನೊಂದು ಕೈಯಿಂದ 'ಆಮೇಲೆ' ಎಂದು ಸನ್ನೆ ಮಾಡುತ್ತ, ಬೀದಿ ದಾಟಿದಳು. ಎದೆಲ್ಮೀರಾ ಎರಡು ಹೆಜ್ಜೆ ಹಿಂದೆ ಬಂದು ನಿಂತಳು. ಕುಂಟುತ್ತಿದ್ದಳು. ಕುಂಟುತ್ತಿದ್ದುದನ್ನು ಒತಿಲಿಯಾ ನೋಡಿದ್ದಳು. ಈಗ ಅದು ಸ್ಪಷ್ಟವಾಗಿ ನೆನಪಿಗೆ ಬಂತು. ನೋಡಿ, ವಯಸ್ಸಾಯಿತು ಇವಳಿಗೂ ಎಂದುಕೊಂಡಿದ್ದಳು. ಮನೆಗೆ ಹೋಗಿ ಸೂಪು ಬಿಸಿ ಮಾಡಿಕೊಂಡು ಕುಡಿದಿದ್ದಳು.

ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ನಿದಿಯಾ ಔಷಧಿ ತರಲು ಹೋಗಿದ್ದಳು. ಎದೆಲ್ಮೀರಾ ಅಷ್ಟು ಚಿಕ್ಕವಳಾಗಿ ಕಾಣುತ್ತಾಳೆಂದು ಒತಿಲಿಯಾ ಎಣಿಸಿರಲಿಲ್ಲ. ಜಡೆ ಬಿಚ್ಚಿ ದಿಂಬಿನ ಮೇಲೆ ಹರಡಿತ್ತು. ಬೀದಿಯಲ್ಲಿ ಯಾವತ್ತೂ ಅವಳು ಜಡೆ ಬಿಚ್ಚಿದವಳಲ್ಲ.

"ಕೆಲ್ಸ ಬಿಟ್ಟು ಬಂದ್ರಾ ಕೊಮಾದ್ರೆ? ಛೆ, ತೊಂದ್ರೆ ಕೊಟ್ಟೆ ನಿಮಗೆ. ಕೂತ್ಕೊಳ್ಳಿ, ಆ ಕುರ್ಚಿ ಮೇಲಿನ ಬಟ್ಟೆ ಕೆಳಗಿಡಿ." ಧ್ವನಿ ಒಣಗಿತ್ತು. "ನೀವು ಕೊಟ್ಟ ದಿನ ಇನ್ನೂ ಬಂದಿರ್ಲಿಲ್ಲ. ಮುಂಚೇನೇ ಬಂದ್ಬಿಟ್ಟೆ. ತಪ್ಪು ತಿಳ್ಕೋಬೇಡಿ."

"ಕೊಮಾದ್ರೆ, ಆ ದಿನ ಕೊಟ್ಟಿದ್ದು ನಾನಲ್ಲ."

"ಇರ್ಲಿ ಬಿಡಿ."

"ದೇವರಾಣೆ ನಾನಲ್ಲ. ಫೋನಲ್ಲಿ ಮಾತಾಡೋದು ಮಿಷನ್ನು. ನನ್ನ ಧ್ವನಿ ತಗೊಂಡಿದ್ದಾರೆ ಅಷ್ಟೇ."

"ಇರ್ಲಿ ಬಿಡಿ ಅಂದ್ನಲ್ಲ," ಎಂದು ಎದೆಲ್ಮೀರಾ, ಸುಳ್ಳು ಹೇಳುವ ಮಗುವನ್ನು ಸಮಾಧಾನ ಮಾಡುವವಳಂತೆ ನಕ್ಕಳು. "ನಿಮಗೆ ಅಲ್ಲಿ ಎಷ್ಟು ಕೆಲ್ಸವೋ ಏನೋ. ಅಷ್ಟರ ಮಧ್ಯೆನೂ ನೀವು ನನ್ನ ಮರೀಲಿಲ್ಲ. ದಿನ ನೆನಪು ಮಾಡಕ್ಕೆ ಎಷ್ಟು ಸಲ ಫೋನ್ ಮಾಡಿದ್ರಿ. ಮಾಡಿದಾಗೆಲ್ಲ ಬೆಳಗು ಹೇಗಾಯ್ತು, ಊಟ ಆಯ್ತಾ ಅಂತ ಕೇಳಿದ್ರಿ. ನಮ್ಮಂಥೋರನ್ನ ಯಾರು ಕೇಳ್ತಾರೆ ಕೊಮಾದ್ರೆ? ಬೀದೀಲಿ ಕಂಡಾಗ ನಿಮಗೆ ಮಾತಾಡಕ್ಕೆ ಪುರಸೊತ್ತಿರ್ಲಿಲ್ಲ, ಆದ್ರೂ ಫೋನ್‌ನಲ್ಲಿ ಕೇಳ್ತೀರಲ್ಲ ಅಂತ ನಾನು ಮನಸ್ಸಲ್ಲಿ ಏನೂ ಇಟ್ಕೊಳ್ಳಲಿಲ್ಲ."

ಅಷ್ಟರಲ್ಲಿ ದಿಂಬಿನ ಕೆಳಗೆ ಫೋನು ಬಡಿದುಕೊಂಡಿತು. ಎದೆಲ್ಮೀರಾ ಅದನ್ನು ತಡಕಿ ತೆಗೆದು, ಮಗಳು ಹೇಳಿಕೊಟ್ಟಂತೆ ಬೆರಳೊತ್ತಿ, ಮುಖದ ಮುಂದೆ ಹಿಡಿದಳು.

"ಹೇಗಿದ್ದೀರಿ ಎದೆಲ್ಮೀರಾ ಅವ್ರೇ?" ಎಂದಿತು ಫೋನು. "ಹೊಟ್ಟೆಗೇನಾದ್ರೂ ಹಾಕ್ಕೊಂಡ್ರಾ?"

ಒತಿಲಿಯಾ ತುಟಿ ಬಿಗಿಹಿಡಿದಳು. ಒಂದು ಕ್ಷಣ, ಎಂಥ ಕೆಟ್ಟ ಕ್ಷಣ ಅದು, ಅವಳಿಗೆ ಸಂತೋಷವಾಯಿತು. ನೋಡಲಿ, ಈಗಲಾದರೂ ನೋಡಲಿ, ನನ್ನ ಬಾಯಿ ಮುಚ್ಚಿದೆ. ಕೋರ್ಟಿನಲ್ಲಿ ಸಾಕ್ಷಿ ಬಂದು ನಿಂತಂತೆ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಏನೂ ತಿನ್ನಬಾರ್ದಂತೆ ಕೊಮಾ..." ಎಂದ ಎದೆಲ್ಮೀರಾ ಅರ್ಧಕ್ಕೇ ಮಾತು ನಿಲ್ಲಿಸಿದಳು. ಅವಳ ಕಣ್ಣು ಒತಿಲಿಯಾಳ ತುಟಿಯ ಮೇಲಿತ್ತು.

"ನಾಳೆ ಬೆಳಿಗ್ಗೆ ಏಳು ಗಂಟೆಗೆ ನಿಮಗಾಗಿ ಆಪರೇಷನ್ ಕೋಣೆ ಕಾಯ್ದಿರಿಸಿದೆ," ಎಂದು ಫೋನು ನಗುತ್ತ ಹೇಳಿತು. "ಮೊಣಕಾಲಿನ ಕೆಳಗಿನ ಶಸ್ತ್ರಚಿಕಿತ್ಸೆ. ಈ ಸಮಯ ನಿಮಗೆ ಅನುಕೂಲವೇ? ಹೌದು ಅಥವಾ ಇಲ್ಲ ಎನ್ನಿ."

ಎದೆಲ್ಮೀರಾ ಫೋನನ್ನು ನೋಡಿದಳು, ಮತ್ತೆ ಒತಿಲಿಯಾಳನ್ನು ನೋಡಿದಳು, ನಿಧಾನವಾಗಿ, ಒಲೆಯ ಮೇಲೆ ಅರೆಪಾ ತಿರುವಿ ಹಾಕುವಾಗ ಎರಡೂ ಬದಿ ನೋಡುವಂತೆ. "ಹೌದಲ್ಲ," ಎಂದಳು. "ನೀವಲ್ಲ."

"ನಾನಲ್ಲ ಕೊಮಾದ್ರೆ. ಅದನ್ನೇ ಹೇಳ್ತಿದ್ದೆ. ನಾನಲ್ಲ." ಎದೆಯ ಮೇಲಿನ ಕಲ್ಲು ಇಳಿದಂತಾಗಿ ಒತಿಲಿಯಾಳ ಕಣ್ಣಲ್ಲಿ ನೀರು ಬಂತು.

"ಹಾಗಾದ್ರೆ ನೀವು ಒಂದ್ಸಲಾನೂ ಕೇಳೇ ಇಲ್ಲ," ಎಂದಳು ಎದೆಲ್ಮೀರಾ.

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒತಿಲಿಯಾ ಏನಾದರೂ ಹೇಳುತ್ತಿದ್ದಳು, ಕಾಲಿಗೆ ಬೀಳುತ್ತಿದ್ದಳು, ಅತ್ತು ಕರೆದು ವಾರ್ಡೆಲ್ಲ ತಿರುಗಿ ನೋಡುವಂತೆ ಮಾಡುತ್ತಿದ್ದಳು. ಪಕ್ಕದ ಮಂಚದವಳು ಕಿತ್ತಳೆ ಸುಲಿಯುತ್ತಿದ್ದಳು, ಆ ವಾಸನೆ ಬರುತ್ತಿತ್ತು.

"ಕ್ಷಮಿಸಿ, ನನಗೆ ಕೇಳಿಸಲಿಲ್ಲ," ಎಂದಿತು ಫೋನು. "ಹೌದು ಅಥವಾ ಇಲ್ಲ ಎನ್ನಿ."

"ಹೌದು ತಾಯಿ," ಎಂದಳು ಎದೆಲ್ಮೀರಾ. ಕೊಮಾದ್ರೆ ಎನ್ನಲಿಲ್ಲ. ಗುರುತಿಲ್ಲದವರಿಗೆ ಹೇಳುವಂತೆ, ತಾಯಿ ಎಂದಳು.

"ಧನ್ಯವಾದ. ನಿಮಗೆ ಇನ್ನೇನಾದರೂ ಸಹಾಯ ಬೇಕೇ?"

"ಬೇಡ ತಾಯಿ. ಅವಸರ ಏನಿಲ್ಲ. ಏನೂ ಇಲ್ಲ. ಅವಸರ ಏನಿಲ್ಲ."

ಫೋನು ಸುಮ್ಮನಾಯಿತು. ಹಿಂದಿನ ಕೋಣೆಯಲ್ಲಿ ಈಗ ಆ ಹಳದಿ ಚೌಕ ಕೆಂಪಾಗಿರುತ್ತದೆ ಎಂದು ಒತಿಲಿಯಾಳಿಗೆ ಗೊತ್ತಿತ್ತು. ಎದೆಲ್ಮೀರಾ ಕಣ್ಣು ಮುಚ್ಚಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಈಗ ಕೇಳಬೇಕು, ಕೇಳಲೇಬೇಕು ಎಂದು ಒತಿಲಿಯಾ ಬಾಯಿ ತೆರೆದಳು. ಮಾತು ಸಿದ್ಧವಾಗಿಯೇ ಬಂದು ನಾಲಗೆಯ ಮೇಲೆ ನಿಂತಿತು: ಹೇಗಿದ್ದೀರಿ ಕೊಮಾದ್ರೆ, ಬೆಳಗು ಹೇಗಾಯ್ತು ನಿಮಗೆ. ಗಾಜಿನಾಚೆಯಿಂದ ಆ ಹುಡುಗಿ ನೂರು ಸಲ ಹೇಳಿಸಿದ್ದ ಅದೇ ಮಾತು, ಅದೇ ಏರಿಳಿತ, ತುಟಿಯ ಮೂಲೆಯಲ್ಲಿ ಅದೇ ನಗು. ಅವಳು ಬಾಯಿ ಮುಚ್ಚಿಕೊಂಡಳು. ಬೇರೆ ಯಾವ ಮಾತೂ ಅವಳ ಹತ್ತಿರ ಇರಲಿಲ್ಲ.

ಆಮೇಲೆ ಅವಳು ಕುರ್ಚಿಯನ್ನು ಸದ್ದಾಗದಂತೆ ಮಂಚದ ಕೆಳತುದಿಗೆ ಎಳೆದುಕೊಂಡಳು. ಹೊದಿಕೆಯೊಳಗೆ ಕೈ ತೂರಿಸಿ, ಕೆಂಡ ತಗುಲಿದ್ದ, ಬಟ್ಟೆ ಸುತ್ತಿದ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ಸುಡುತ್ತಿತ್ತು. ಗಾಯದ ವಾಸನೆ ಕಿತ್ತಳೆಯ ವಾಸನೆಯನ್ನು ದಾಟಿ ಮೂಗಿಗೆ ಬಂತು, ಅವಳು ಮುಖ ತಿರುಗಿಸಲಿಲ್ಲ. ಮೊದಲು ಮೆಲ್ಲಗೆ ಹಿಡಿದಿದ್ದವಳು ಬರಬರುತ್ತ ಬಿಗಿಯಾಗಿ ಹಿಡಿದಳು. ಕಿಟಕಿಯ ಬೆಳಕು ನೆಲದಿಂದ ಗೋಡೆಗೆ ಏರಿತು. ಎದೆಲ್ಮೀರಾ ಅಲುಗಲಿಲ್ಲ, ಕಾಲು ಎಳೆದುಕೊಳ್ಳಲೂ ಇಲ್ಲ. ಕ್ಷಮಿಸಿದಳೇನೋ ಎಂದು ಒತಿಲಿಯಾಳಿಗೆ ಅನ್ನಿಸತೊಡಗಿತು.

ಎಷ್ಟೋ ಹೊತ್ತಿನ ಮೇಲೆ, ಕಣ್ಣು ತೆರೆಯದೆ, ಕಿಟಕಿಯ ಕಡೆಗೇ ಮುಖ ಮಾಡಿ ಎದೆಲ್ಮೀರಾ ಕೇಳಿದಳು:

"ಹೋದ್ರಾ, ಕೊಮಾದ್ರೆ?"